ಕೈ ಎತ್ತೋ ಗಾಡಿ

ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲೆ ಹೇರಿಕೊಂಡು ತಂದ್ರು,
ಗಬ್ಬೂರ ಕ್ರಾಸ್ ದಾಟಿ ನಮ್ಮ ಶೆಡ್ಡಿಗೆ.
ಮೋರಿಸ್ ಮೈನರ್, ಐವತ್ತೆರಡನೇ ಇಸ್ವಿ.
ಮಾರಿ ನೋಡಿದ್ರ ಊಟಕ್ಕ ಕರೀದ ಬಿಟ್ಟ ಹುಡುಗನಂಗ.
ಹಿಂದಿನ ಸೀಟಿನ್ಯಾಗ ಕೋಳಿ ತತ್ತಿ ಇಟ್ಟಿತ್ತು,
ಒಂದು ಇನ್ನೂ ಬೆಚ್ಚಗಿತ್ತು. ಪೀರು ಕಿಸೆದಾಗ ಇಟಗೊಂಡ.

ಹಿಂದ ಬೈಕಿನ ಮ್ಯಾಲೆ ಸರ್ವಮಂಗಳಾ ಅಕ್ಕಾರು.
ಬ್ಯಾಡಗಿಯೊಳಗ ಕೋಲ್ಡ್ ಸ್ಟೋರೇಜ್ ಅವರದು.
"ಬ್ರೇಕ್ ಡಿಸ್ಕಿನವು ಬೇಕು. ಎಂಜಿನ್ ಬ್ಯಾರೆ ಬೇಕು.
ಎ.ಸಿ. ಬೇಕು ಮೋದೀನಣ್ಣ. ಐವತ್ತು ಸಾವಿರ ಚೀಲ
ಮೆಣಸಿನಕಾಯಿಗೆ ತಂಪು ಮಾಡೀನಿ, ನನಗ ಬ್ಯಾಡೇನು?"
ಆಮ್ಯಾಲೆ ಬಾಗಿಲ ಮ್ಯಾಲೆ ಅಂಗೈ ಇಟ್ಟು, ಸಣ್ಣ ದನಿಲೆ,
"ಆದ್ರ ಇದು ಅಜ್ಜನ ಗಾಡೀನ ಇರಬೇಕು."

ಇಂಥ ಮಾತಿಗೆ ಎಸ್ಟಿಮೇಟ್ ಹ್ಯಾಂಗ ಬರೀಲಿ?
ಬಿಲ್ ಬುಕ್ಕಿನ್ಯಾಗ ಆ ಕಾಲಮ್ಮೇ ಇಲ್ಲ.

ಎಡ ಬಾಗಿಲ ಹಾಕಿದ್ರ ಢಪ್ ಅಂತಿತ್ತು,
ಹಮಾಲ ಚೀಲ ಇಳಿಸಿದಂಗ.
ಹೊಸಾ ರಬ್ಬರ್ ಬಡದೆ, ಆ ಢಪ್ ಹೋತು,
ಡಬ್ಬಿ ಮುಚ್ಚಳದ ಸಪ್ಪಳ ಬಂತು.
ಎರಡು ದಿನ ಮನಸ್ಸಿಗೆ ಸಮಾಧಾನಿಲ್ಲ.
ಕಿತ್ತು ಒಗದು, ಹಳೇ ಫೆಲ್ಟಿಗೆ ಕಂಬಳಿ ಪಟ್ಟಿ ಹೊಲದೆ.
ತಿರುಗಿ ಬಂತು.

ಓಮ್ನಿ ಎಂಜಿನ್ ಕುಂದರಿಸಾಕ ಬಾಡಿಗೆ ಒಂದೂ ತೂತು ಹೊಡೀಲಿಲ್ಲ.
ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ತಾರು ವರ್ಷ ಲೇತ್ ಹಿಡಿದ
ಸತ್ಯಮಿತ್ರ ಮಾಸ್ತರು ಬ್ರಾಕೆಟ್ ಮಾಡಿಕೊಟ್ರು,
ಹಳೇ ತೂತಿಗೇ ಕೂಡೂ ಹಂಗ.
ಚಾಳೀಸು ಹಣಿಗೆ ಏರಿಸಿ ಅಂದ್ರು:
"ನಾಳೆ ಯಾರರ ನಿನ್ನ ಕೆಲಸ ಅಳಸತೇನಿ ಅಂದ್ರ
ಎಂಟು ಬೋಲ್ಟಿನ್ಯಾಗ ಅಳಸಾಕ ಬರಬೇಕು.
ಮಂದಿ ಗಾಡಿ ಮ್ಯಾಲೆ ನಾವು ಪೆನ್ಸಿಲ್‌ಲೆ ಬರೀಬೇಕೋ ಮೋದೀನ."

ಬಲಕಿನ ಮಡ್‌ಗಾರ್ಡಿಗೆ ನೆಗ್ಗು.
ಪೀರು ಸುತ್ತಿಗಿ ಎತ್ತಿದ್ದ. ಫೋನ್ ಹಚ್ಚಿ ಕೇಳಿದೆ.
"ಅದು ಮಾರ್ಕೆಟ್ ಗೇಟಿನ ಕಲ್ಲು. ಇರಲಿ."
ಹಂಗ ಬಣ್ಣ ಹೊಡದು ಪಾಲಿಶ್ ಕೊಟ್ಟೆವು.
ಈಗ ಆ ನೆಗ್ಗಿನೊಳಗ ಆಕಾಶ ಸೊಟ್ಟ ಕಾಣತೈತಿ.

ಮತ್ತ ಅದರ ಕೈ!
ತಿರುಗೋ ಮುಂದ ಬಾಗಿಲ ಕಂಬದೊಳಗಿಂದ ಏಳತೈತಿ,
ಹಳದಿ ದೀಪದ್ದು, ಗೇಣುದ್ದ,
"ಸರ್, ಒಂದಕ್ಕ" ಅಂತ ಹುಡುಗ ಬೆಂಚಿನಿಂದ ಎತ್ತಿದಂಗ.
ಕಾಯ್ದೆಕ್ಕ ಕೆಳಗ ಸಣ್ಣ ಇಂಡಿಕೇಟರ್ ಹಾಕಿದೆ, ಕಾಣದಂಗ.
ಕೈ ತಗೀಲಿಲ್ಲ. ಒಳಗಿನ ಕಾಯಿಲ್ ಹೊಸದಾಗಿ ಸುತ್ತಿದೆ.
ಆದ್ರೂ ಬಲಗೈದು ಒಂದು ಹಟ: ಎದ್ದರ ಇಳಿಯಾಂಗಿಲ್ಲ.

ಎ.ಸಿ. ಗಾಳಿ ಬರೂದು ಡ್ಯಾಶ್‌ಬೋರ್ಡಿನ ಹಳೇ ಜಾಳಿಗಿಯಿಂದ,
ಹೊರಗ ಏನೂ ಗೊತ್ತಾಗಂಗಿಲ್ಲ.
ಜಾಳಿಗಿ ಹಿಂದಿನ ಸಂದಿ ಮಾತ್ರ ನಾ ಮುಟ್ಟಿರಲಿಲ್ಲ.
ಬಟ್ಟಿ ಸುತ್ತಿದ ವೈರು, ಮುಟ್ಟಿದ್ರ ಉದರತಿತ್ತು.

ಟ್ರಯಲ್ಲಿಗೆ ಗೋಕುಲ ರೋಡ್ ಹಿಡದೆವು.
ಅಕ್ಕಾರು ಸ್ಟೇರಿಂಗಿಗೆ, ಬಾಜೂಕ ನಾ, ಹಿಂದ ಮಾಸ್ತರು.
ಸ್ವಿಚ್ ಒತ್ತಿದ್ರು.
ಮೊದಲ ತಂಪು. ಆಮ್ಯಾಲೆ ಕೆಂಪು!
ನಲವತ್ತು ವರ್ಷ ಸ್ಯಾಂಪಲ್ ಚೀಲ ಹೊತ್ತ ಗಾಡಿ
ಒಂದ ಉಸಿರಿಗೆ ಎಲ್ಲಾ ಊದಿತು.
ಸೀನು, ಸೀನು, ಸೀನು.
ಮಾಸ್ತರ ಹಲ್ಲಿನ ಸೆಟ್ಟು ಮಡಿಲಿಗೆ ಬಿತ್ತು.
ಹಿಂದ ಚಿಗರಿ ಬಸ್ಸಿನಂಥಾದೊಂದು ಬಸ್ಸು ಹಾರ್ನ್ ಹೊಡೀತು.

ಬದಿಗೆ ನಿಲ್ಲಿಸಿ ಕಣ್ಣೀರು ಒರಸಿಕೊಂಡು
ಅಕ್ಕಾರು ಬೆರಳಿಗೆ ಹತ್ತಿದ ಧೂಳಾ ಮೂಸಿದ್ರು,
ದಲಾಲಿ ಮನಿತನದ ಮೂಗು.
"ಬ್ಯಾಡಗಿಗೆ ಇಷ್ಟು ಘಾಟಿರಾಂಗಿಲ್ಲ ಮೋದೀನಣ್ಣ.
ಇದು ಗುಂಟೂರು."
ಸ್ವಲ್ಪ ತಡದು, "ಬರೇ ಬ್ಯಾಡಗಿ ಮಾರೀನಿ ಅಂತ
ಸಾಯೂತನಾ ಹೇಳಿದ್ದ ಮುದುಕ."

ನಕ್ಕರೋ ಅತ್ತರೋ, ಆ ಧೂಳಿನ್ಯಾಗ ತಿಳೀಲಿಲ್ಲ.
"ಜಾಳಿಗಿ ಬಿಚ್ಚಿ ಸ್ವಚ್ಛ ಮಾಡ್ಲೇನ್ರಿ?" ಅಂದೆ.
ಬ್ಯಾಡ ಅನ್ನಲಿಲ್ಲ. ಮಾಡು ಅನ್ನಲಿಲ್ಲ. ಗೇರ್ ಹಾಕಿದ್ರು.

ಮರುದಿನ ರೊಕ್ಕ ಎಣಿಸಿಕೊಟ್ಟು ಹೊಂಟ್ರು.
ಬ್ಯಾಡಗಿ ದಾರಿಗೆ ಹೊರಳೋ ಮುಂದ ಬಲಗೈ ಎತ್ತಿತು ಗಾಡಿ,
ಎತ್ತಿದ್ದು ಇಳೀಲಿಲ್ಲ.
ಒಳಗಿಂದ ಕಂಬಕ್ಕ ಒಂದು ಗುದ್ದು ಬಿತ್ತು.
ಆ ಗುದ್ದು ನಾ ಹೇಳಿಕೊಟ್ಟಿದ್ದಲ್ಲ.